ಸೌಮ್ಯಳಿಗೆ ಬರುವ ಕರೆ

ಮನೋಹರನ ಎರಡನೆಯ ಹೆಂಡತಿಯಾಗಿ ಲತಾಮಣಿ ಬೈರಾಪಟ್ಟಣದ ಆ ಮನೆಯ ಹೊಸಿಲು ದಾಟಿದ್ದು ವೈಶಾಖದಲ್ಲಿ. ಮೊದಲ ಹೆಂಡತಿ ಸೌಮ್ಯ ಹಿಂದಿನ ವರ್ಷದ ಶ್ರಾವಣದಲ್ಲಿ ಡೆಂಗ್ಯೂ ಜ್ವರ ಬಂದು ವಾರದೊಳಗೆ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಕನಕಪುರದ ಕಡೆಯ ಲತಾಮಣಿಯ ತವರಿನವರು ಎಲ್ಲವನ್ನೂ ವಿಚಾರಿಸಿಯೇ ಕೊಟ್ಟಿದ್ದರು. ಹುಡುಗ ಬಿಡದಿಯ ಕಾರ್ಖಾನೆಗೆ ಹೋಗುತ್ತಾನೆ, ಕುಡಿತವಿಲ್ಲ. ಮನೆಯಲ್ಲಿ ಅತ್ತೆ ಬೋರಮ್ಮ, ಮಾವ ಮುನಿಯಪ್ಪ, ರೇಷ್ಮೆ ಹುಳದ ಕೆಲಸ, ಒಂದು ಸೀಮೆಹಸು. ಇದಕ್ಕಿಂತ ಹೆಚ್ಚು ಕೇಳುವುದೇನಿದೆ ಎಂದು ಲತಾಮಣಿಗೂ ಅನ್ನಿಸಿತ್ತು.

ಅವಳು ಬರುವ ಮುಂಚೆಯೇ ಮುನಿಯಪ್ಪ ಮನೆಯವರಿಗೆ ಒಂದು ಮಾತು ಹೇಳಿಟ್ಟಿದ್ದ. ಸತ್ತವಳ ಹೆಸರನ್ನು ಇನ್ನು ಈ ಮನೆಯಲ್ಲಿ ಯಾರೂ ಎತ್ತಬಾರದು, ಬರುವ ಹೆಣ್ಣಿಗೆ ನೋವಾಗುತ್ತದೆ. ಗೋಡೆಯ ಮೇಲಿದ್ದ ಫೋಟೋ ಅಟ್ಟಕ್ಕೆ ಹೋಯಿತು. ಸೀರೆಗಳು ಮಾಗಡಿ ಕಡೆಯ ಅವಳ ತವರಿಗೆ ಹೋದವು. ಆ ತವರಿನವರೊಡನೆ ಹೋಗಿಬರುವುದೂ ಅಲ್ಲಿಗೆ ನಿಂತಿತು. ಮುನಿಯಪ್ಪ ಕೆಟ್ಟ ಮನುಷ್ಯನಲ್ಲ. ಗಾಯದ ಮೇಲೆ ಬಟ್ಟೆ ಸುತ್ತಿಬಿಟ್ಟರೆ ಮಾಯುತ್ತದೆ ಎಂದುಕೊಂಡಿದ್ದ.

ಹೆಸರು ಹೋದರೂ ಅವಳು ಹೋಗಿರಲಿಲ್ಲ. ಹಸು ಲತಾಮಣಿಯ ಕೈಗೆ ಹಾಲು ಬಿಡುತ್ತಿರಲಿಲ್ಲ. ಕೆಚ್ಚಲಿಗೆ ಕೈ ಹಾಕಿದರೆ ಬೇರೆ ಯಾರನ್ನೋ ಕಾಯುವಂತೆ ಕೊಟ್ಟಿಗೆಯ ಬಾಗಿಲ ಕಡೆ ಕಿವಿ ನಿಗುರಿಸುತ್ತಿತ್ತು. ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದ ಲತಾಮಣಿಯನ್ನು ಕೂಗಲು ಹೋಗಿ, ಬಾಯಿಗೆ ಬಂದ ಹೆಸರಿನ ಮೊದಲ ಅಕ್ಷರಕ್ಕೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಅಡುಗೆಮನೆಯ ಡಬ್ಬಗಳೆಲ್ಲ ಲತಾಮಣಿಗಿಂತ ಎತ್ತರದ ಹೆಂಗಸಿನ ಕೈಗೆ ಎಟುಕುವಂತೆ ಜೋಡಿಸಿದ್ದವು. ಖಾರದಪುಡಿ ಬೇಕಾದಾಗೆಲ್ಲ ಅವಳು ಸ್ಟೂಲು ಎಳೆದುಕೊಳ್ಳಬೇಕಿತ್ತು. ಕೆಳಗಿನ ಸಾಲಿಗೆ ಇಳಿಸಿಕೊಳ್ಳಲಾ ಎಂದು ಅತ್ತೆಯನ್ನು ಕೇಳಲು ಅದೇಕೋ ಬಾಯಿ ಬರಲಿಲ್ಲ.

ಬಂದ ಮೇಲಿನ ಮೊದಲ ಮಂಗಳವಾರದ ಸಂಜೆ ಅವಳು ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಾಗ ದೇವರ ಗೂಡಿನೊಳಗಿಂದ ಒಂದು ಫೋನು ಹೊಡೆದುಕೊಂಡಿತು. ಅಲ್ಲೊಂದು ಫೋನಿದೆ ಎಂದೇ ಅವಳಿಗೆ ತಿಳಿದಿರಲಿಲ್ಲ. ಬೋರಮ್ಮ ಹುಳದ ಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೆಚ್ಚುಕಮ್ಮಿ ಓಡಿಯೇ ಬಂದಳು. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂತಳು.

“ನಮಸ್ಕಾರ, ಸೌಮ್ಯ ಅವರೇ,” ಎಂದಿತು ಫೋನು. ತಿದ್ದಿದ ಹೆಣ್ಣುದನಿ, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ. “ನಿನ್ನೆ ನಿಮ್ಮ ಮನೆಯಲ್ಲಿ ಅಡುಗೆ ಮಾಡಿದವರು ಯಾರು? ನೀವೇ ಮಾಡಿದ್ದರೆ ಒಂದನ್ನು ಒತ್ತಿ. ಬೇರೆಯವರು ಮಾಡಿದ್ದರೆ ಎರಡನ್ನು ಒತ್ತಿ.”

ಬೋರಮ್ಮ ಒಂದನ್ನು ಒತ್ತಿದಳು.

ಲತಾಮಣಿಯ ಕೈಯಲ್ಲಿದ್ದ ಸೊಪ್ಪಿನ ಕಂತೆ ಹಾಗೇ ನಿಂತಿತು. ಹಿಂದಿನ ದಿನ ಆ ಮನೆಯಲ್ಲಿ ಅವಳು ಮೊದಲ ಸಲ ಒಬ್ಬಳೇ ಒಲೆ ಹಚ್ಚಿ ಬಸ್ಸಾರು ಮಾಡಿದ್ದಳು. ಮಾವ ಎರಡು ಸಲ ಬಡಿಸಿಕೊಂಡಿದ್ದ. ದನಿ ಮುಂದಕ್ಕೆ ಕೇಳುತ್ತ ಹೋಯಿತು. ನಿನ್ನೆ ಒಬ್ಬರೇ ಮನೆಯಿಂದ ಹೊರಗೆ ಹೋಗಿದ್ದಿರಾ? ಎಲ್ಲರೂ ಉಂಡ ಮೇಲೆ ಉಂಡಿರಾ, ಜೊತೆಯಲ್ಲಿ ಉಂಡಿರಾ? ಬೋರಮ್ಮ ಒಂದೊಂದಕ್ಕೂ ಯೋಚಿಸಿ ಒತ್ತಿದಳು. ಕೊನೆಗೆ ದನಿ ಸೌಮ್ಯ ಅವರಿಗೆ ಧನ್ಯವಾದ ಹೇಳಿ ಕಡಿದುಹೋಯಿತು. ಬೋರಮ್ಮ ಫೋನನ್ನು ಚಾರ್ಜಿಗೆ ಹಾಕಿ, ಲತಾಮಣಿಯ ಮುಖ ನೋಡದೆ, ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತು ಎಂದುಕೊಂಡು ಎದ್ದುಹೋದಳು.

ಅಂದು ಮನೋಹರ ಕೆಲಸದಿಂದ ಬಂದ ಮೇಲೆ ಲತಾಮಣಿ ಕೇಳಿದಳು. ಅವನು ಶರಟಿನ ಗುಂಡಿ ಬಿಚ್ಚುತ್ತ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದ. ಎರಡು ವರ್ಷದ ಹಿಂದೆ ಬೆಂಗಳೂರಿನ ಯಾವುದೋ ಸಂಶೋಧನೆಯವರು ಬಂದಿದ್ದರು. ಹಳ್ಳಿಯ ಹೆಂಗಸರ ದಿನ ಹೇಗೆ ಕಳೆಯುತ್ತದೆ ಎಂದು ತಿಳಿಯಬೇಕಂತೆ. ಊರಿನಲ್ಲಿ ಕೆಲವರನ್ನು ಆರಿಸಿ ಒಂದೊಂದು ಫೋನು ಕೊಟ್ಟುಹೋದರು. ಮನೆಗೆ ಬಂದು ಕೇಳುವುದಿಲ್ಲ, ವಾರಕ್ಕೊಮ್ಮೆ ಕಂಪ್ಯೂಟರೇ ಕರೆ ಮಾಡುತ್ತದೆ. ಉತ್ತರ ಕೊಟ್ಟರೆ ಕರೆನ್ಸಿ ಅವರೇ ಹಾಕುತ್ತಾರೆ. ಅವಳು ಹೋದ ಮೇಲೂ ಕರೆ ನಿಲ್ಲಲಿಲ್ಲ. ಕಂಪ್ಯೂಟರಿಗೆ ಯಾರೂ ಹೇಳಲಿಲ್ಲವಲ್ಲ.

“ನೀವಾದರೂ ಹೇಳಬಹುದಿತ್ತು,” ಎಂದಳು ಲತಾಮಣಿ.

“ಅವ್ವನ್ನ ಕೇಳು,” ಎಂದ ಮನೋಹರ. ಅವನು ಹೆಂಡತಿಯ ಹತ್ತಿರ ಸೌಮ್ಯಳನ್ನು ‘ಅವಳು’ ಎಂದದ್ದು ಅದೇ ಮೊದಲು. ಹೆಸರು ಹೇಳಲಿಲ್ಲ.

ಮುಂದಿನ ಮಂಗಳವಾರಗಳಲ್ಲಿ ಲತಾಮಣಿ ಒಂದು ವಿಷಯ ಗಮನಿಸಿದಳು. ಫೋನು ಹೊಡೆದುಕೊಂಡ ತಕ್ಷಣ ಮನೆಯ ಗಂಡಸರಿಬ್ಬರೂ ಎದ್ದುಬಿಡುತ್ತಿದ್ದರು. ಮುನಿಯಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅರಳಿಕಟ್ಟೆಯ ಕಡೆ ಹೋಗುತ್ತಿದ್ದ. ಮನೋಹರ ಮನೆಯಲ್ಲಿದ್ದರೆ ಹಿಪ್ಪುನೇರಳೆ ತೋಟಕ್ಕೆ ಇಳಿದುಬಿಡುತ್ತಿದ್ದ. ಒಂದು ಸಲ ಉಣ್ಣುತ್ತಿದ್ದವನು ಅರ್ಧ ಮುದ್ದೆ ಬಿಟ್ಟು ಎದ್ದ. ಅಂದು ಮಗನಿಗೂ ತಾಯಿಗೂ ಮಾತು ಬೆಳೆಯಿತು.

“ಸಿಮ್ ತೆಗೆದು ಬಿಸಾಕವ್ವ. ಆ ದನಿ ಕೇಳಿ ಕೇಳಿ ಎದೆ ಒಡೀತದೆ ನಂಗೆ.”

“ನಿಂಗೆ ಕೇಳಕ್ಕಾಗದಿದ್ರೆ ಆಚೆ ಹೋಗು. ನಾನು ಕೇಳ್ತೀನಿ.”

“ಕರೆನ್ಸಿ ಆಸೆಗಾ? ಬೇಕಾದಷ್ಟು ನಾನು ಹಾಕಿಸ್ಕೊಡ್ತೀನಿ.”

ಬೋರಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. “ಈ ಮನೇಲಿ ಆ ಮಗೀನ ಹೆಸರು ಹೇಳೋದು ಅದೊಂದೇ ಕಣ್ಲಾ. ಅದನ್ನೂ ಕಿತ್ತಾಕ್ಬುಟ್ರೆ ಅವಳು ಎಲ್ಲಿರ್ತಾಳೆ?”

ಲತಾಮಣಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಯಾರಿಗೂ ಅವಳು ಕಾಣಿಸುತ್ತಿರಲಿಲ್ಲ. ಮುನಿಯಪ್ಪ ಹಿಂದೊಮ್ಮೆ ಸಿಮ್ಮನ್ನು ತೆಗೆದಿಟ್ಟಿದ್ದನಂತೆ. ಬೋರಮ್ಮ ಊಟ ಬಿಟ್ಟು ಕೂತಳು, ಅವನೇ ಮತ್ತೆ ಹಾಕಿಕೊಟ್ಟನಂತೆ. ಇದನ್ನು ಪಕ್ಕದ ಮನೆಯ ಮುದುಕಿ ಮರುದಿನ ಬೇಲಿಯ ಹತ್ತಿರ ಪಿಸುಮಾತಿನಲ್ಲಿ ಹೇಳಿದಳು.

ಹುಳಗಳು ಪೊರೆ ಬಿಡುವ ಜ್ವರಕ್ಕೆ ಕೂತು ಎದ್ದು, ಹೊಟ್ಟೆಬಾಕಗಳಾಗಿ ಸೊಪ್ಪು ತಿನ್ನುತ್ತಿದ್ದ ದಿನಗಳು ಅವು. ಬೆಳಗು ಬೈಗು ಕಂತೆ ಕಂತೆ ಸೊಪ್ಪು ತಂದು ಹರಡಬೇಕು. ಹುಳದ ಮನೆಯಲ್ಲಿ ಒಬ್ಬಳೇ ಇದ್ದಾಗ ಸಾವಿರಾರು ಹುಳಗಳು ಎಲೆ ಕೊರೆಯುವ ಸದ್ದು ಲತಾಮಣಿಗೆ ಪಕ್ಕದ ಕೋಣೆಯಲ್ಲಿ ಯಾರೋ ಎಡೆಬಿಡದೆ ಪಿಸುಗುಟ್ಟುತ್ತಿರುವಂತೆ ಕೇಳುತ್ತಿತ್ತು. ತಾನು ಗುಡಿಸಿದ್ದು, ಹೊತ್ತದ್ದು, ಬೇಯಿಸಿದ್ದು ಎಲ್ಲ ಮಂಗಳವಾರ ಇನ್ನೊಬ್ಬಳ ಹೆಸರಿಗೆ ಜಮೆಯಾಗುತ್ತದೆ ಎಂಬ ಯೋಚನೆ ಬಂದು ಕೈ ನಿಲ್ಲುತ್ತಿತ್ತು. ಕೈ ಯಾರದು ಎಂದು ಒಂದು ಗಳಿಗೆ ನೋಡಿಕೊಳ್ಳುತ್ತಿದ್ದಳು.

ಆಷಾಢ ಹುಟ್ಟಿತು; ಹುಳದ ಕೆಲಸಕ್ಕೆ ಕೈ ಸಾಲದೆಂದು ಲತಾಮಣಿಯನ್ನು ತವರಿಗೆ ಕಳಿಸಲಿಲ್ಲ. ಆ ಹೊತ್ತಿಗೆ ಕರೆಯ ರೀತಿ ಬದಲಾಯಿತು. ಇನ್ನು ಮುಂದೆ ಗುಂಡಿ ಒತ್ತಬೇಕಾಗಿಲ್ಲ, ಬೀಪ್ ಸದ್ದಾದ ಮೇಲೆ ನಿಮ್ಮ ಮಾತಿನಲ್ಲೇ ಹೇಳಿ ಎಂದಿತು ಆ ದನಿ. ಬೋರಮ್ಮ ಮೊದಲ ವಾರ ಗಾಬರಿಬಿದ್ದು ಕಡಿದಳು. ಎರಡನೆಯ ವಾರ ಲತಾಮಣಿ ಹಸುವಿಗೆ ನೀರಿಟ್ಟು ಬರುತ್ತಿದ್ದಾಗ ಒಳಗೆ ಯಾರೋ ಮಾತಾಡುವುದು ಕೇಳಿ ಬಾಗಿಲಲ್ಲೇ ನಿಂತಳು. ಅತ್ತೆಯ ದನಿಯೇ. ಆದರೆ ಅದು ಯಾವತ್ತಿಗಿಂತ ತೆಳ್ಳಗೆ, ಎಳೆಯದಾಗಿ ಬರುತ್ತಿತ್ತು. ಮಾಗಡಿಯ ಕಡೆಯವರ ರಾಗ ಸೇರಿಕೊಂಡಿತ್ತು.

“ನಿನ್ನೆ ಹುರುಳಿಕಾಳು ಸಾರು ಮಾಡಿದ್ದೆ. ನಮ್ಮತ್ತೆ ಉಪ್ಪು ಜಾಸ್ತಿ ಅಂತ ಬೈದ್ರು. ಅವರಿಗೆ ಮಂಡಿ ನೋವು, ಅದಕ್ಕೇ ಸಿಡಿಮಿಡಿ. ಬೈದಿದ್ದು ಮನಸಲ್ಲಿಟ್ಕಳಲ್ಲ ನಾನು. ನಮ್ಮತ್ತೆಗೆ ನಾನು ಅಂದ್ರೆ ಇಷ್ಟನೆಯ. ಬಾಯಲ್ಲಿ ಹೇಳಕ್ಕೆ ಬರಕಿಲ್ಲ ಅವರಿಗೆ.”

ಮನೆಗೆಲಸದಲ್ಲಿ ನಿಮಗೆ ಯಾರಾದರೂ ನೆರವಾಗುತ್ತಾರೆಯೇ ಎಂದು ಫೋನಿನ ದನಿ ಕೇಳಿತು, ಬೀಪ್ ಆಯಿತು.

ಬೋರಮ್ಮ ಫೋನನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡಳು. “ಒಬ್ಬಳು ಹುಡುಗಿ ಬಂದವಳೆ. ಕನಕಪುರದವಳು. ಒಳ್ಳೆ ಕೆಲಸಗಾತಿ. ಮುಖ ಸಪ್ಪಗಿರ್ತದೆ. ಮಾತಾಡ್ಸಬೇಕು ಅಂತ ಅಂದ್ಕತೀನಿ, ಆಗಕಿಲ್ಲ.”

ಲತಾಮಣಿ ಹಿಂದಕ್ಕೆ ಹೆಜ್ಜೆಯಿಟ್ಟು ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಳು. ಈ ಮನೆಗೆ ಬಂದ ಮೇಲೆ ತನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಹೊಗಳಿದವಳು ಸತ್ತಿದ್ದಳು. ಅಳಬೇಕೋ ನಗಬೇಕೋ ತಿಳಿಯದೆ, ಹಸುವಿನ ಮುಂದೆ ಇನ್ನೊಂದು ಬಕೆಟ್ ನೀರಿಟ್ಟಳು.

ಒಂದು ಮಂಗಳವಾರ ದೊಡ್ಡಮಳೂರಿನ ನೆಂಟರ ಮನೆಯಲ್ಲಿ ಸಾವಾಗಿ ಬೋರಮ್ಮನೂ ಮುನಿಯಪ್ಪನೂ ಹೋಗಿದ್ದರು. ಮನೋಹರ ಕೆಲಸದಲ್ಲಿದ್ದ. ಸಂಜೆ ದೀಪ ಹಚ್ಚಿ ಬಾಗಿಲಲ್ಲಿ ಕೂತಿದ್ದಾಗ ಗೂಡಿನಲ್ಲಿ ಫೋನು ಹೊಡೆದುಕೊಂಡಿತು. ಲತಾಮಣಿ ಎದ್ದಳು. ನಿಂತಿತು. ಮತ್ತೆ ಹೊಡೆದುಕೊಂಡಿತು. ಕೈ ತಾನಾಗಿ ಹೋಗಿ ಎತ್ತಿಕೊಂಡಿತು.

“ನಮಸ್ಕಾರ, ಸೌಮ್ಯ ಅವರೇ. ಕಳೆದ ವಾರದಲ್ಲಿ ನೀವು ಯಾರೊಂದಿಗಾದರೂ ಮನಬಿಚ್ಚಿ ಮಾತಾಡಿದಿರಾ? ಬೀಪ್ ಆದ ಮೇಲೆ ಹೇಳಿ.”

ಮನೆ ಬಿಕೋ ಎನ್ನುತ್ತಿತ್ತು. ಫೋನಿನೊಳಗೂ ಅಂಥದೇ ಒಂದು ಖಾಲಿ ಮನೆ ಇರುವಂತೆ, ಅಲ್ಲಿ ಯಾರೋ ಬಾಗಿಲಿಗೆ ಕಿವಿ ಕೊಟ್ಟು ನಿಂತಿರುವಂತೆ ಅನ್ನಿಸಿತು.

“ನಿಮ್ಮ ಉತ್ತರ ಕೇಳಿಸಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ.”

“ಇಲ್ಲ,” ಎಂದಳು ಲತಾಮಣಿ. “ಯಾರ ಜೊತೇಲೂ ಮಾತಾಡಿಲ್ಲ.”

“ಧನ್ಯವಾದಗಳು, ಸೌಮ್ಯ ಅವರೇ.”

ಫೋನನ್ನು ಇದ್ದಲ್ಲೇ ಇಟ್ಟು ಹೊರಗೆ ಬಂದು, ಗಂಡ ಬರುವವರೆಗೂ ಬೀದಿಯಲ್ಲೇ ಕೂತಳು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಅಂದು ಕೊಟ್ಟ ಉತ್ತರ ಸೌಮ್ಯಳದಾ ತನ್ನದಾ ಎಂದು ಮಾತ್ರ ಎಷ್ಟೋ ದಿನ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಶ್ರಾವಣ ಬಂತು. ಸೌಮ್ಯ ಸತ್ತ ತಿಥಿ ಮನೆಯಲ್ಲಿ ಸದ್ದಿಲ್ಲದೆ ಕಳೆಯಿತು. ಬೋರಮ್ಮ ಅಂದು ಕೆಂಗಲ್ಲಿನ ಆಂಜನೇಯನಿಗೆ ಹೋಗಿಬರುತ್ತೇನೆಂದು ಹೋಗಿ, ಬಂದು, ತಲೆನೋವೆಂದು ಮಲಗಿಬಿಟ್ಟಳು. ಅದಾದ ಸ್ವಲ್ಪ ದಿನಕ್ಕೆ ಆ ಫೋನಿಗೆ ಮಂಗಳವಾರವಲ್ಲದ ದಿನ ಕರೆ ಬಂತು. ಈ ಸಲ ನಿಜವಾದ ಮನುಷ್ಯರೇ. ಸಂಶೋಧನೆಯ ಕಡೆಯಿಂದ ಪದ್ಮಶ್ರೀ ಎಂಬ ಹುಡುಗಿ. ಇಷ್ಟು ದಿನ ಫೋನಿನಲ್ಲೇ ಕೇಳಿದ್ದಾಯಿತು, ಈಗ ಒಂದು ಸಲ ಮನೆಮನೆಗೆ ಬಂದು ಮುಖತಃ ನೋಡಿ ಹೋಗುತ್ತೇವೆ, ಸೌಮ್ಯ ಅವರು ಬುಧವಾರ ಇರುತ್ತಾರಲ್ಲ ಎಂದು ಕೇಳಿದಳು. ಬೋರಮ್ಮ ಇರ್ತಾಳೆ ಎಂದುಬಿಟ್ಟಳು.

ಆಮೇಲೆ ಅವಳು ಅಡುಗೆಮನೆಗೆ ಬಂದು, ಲತಾಮಣಿಯ ಎದುರು ನೆಲದ ಮೇಲೆ ಕೂತಳು. ಕೂರುವಾಗ ಮಂಡಿ ಹಿಡಿದುಕೊಂಡು ನರಳಿದಳು.

“ಒಂದು ಗಂಟೆ ಹೊತ್ತು ಕಣವ್ವ. ನಾನೇ ಸೌಮ್ಯ ಅಂತ ಹೇಳ್ಬುಡು.”

ಲತಾಮಣಿ ರುಬ್ಬುತ್ತಿದ್ದ ಮಿಕ್ಸಿಯನ್ನು ನಿಲ್ಲಿಸಿದಳು. ತಾನು ಕೇಳಿದ್ದು ಸರಿಯೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ.

“ಸತ್ತೋಗವಳೆ ಅಂತ ಗೊತ್ತಾದ್ರೆ ಕರೆ ನಿಲ್ಲಿಸ್ಬುಡ್ತಾರೆ. ನಿಂಗೇನೂ ನಷ್ಟ ಇಲ್ಲ.”

“ನಂಗೇನೂ ನಷ್ಟ ಇಲ್ವಾ ಅತ್ತೆ?” ಎಂದಳು ಲತಾಮಣಿ. “ನಾನು ಈ ಮನೆಗೆ ಬಂದಾಗಿಂದ ನೀವು ನನ್ನ ಹೆಸರು ಹಿಡಿದು ಎಷ್ಟು ಸಲ ಕರೆದಿದ್ದೀರಿ ಹೇಳಿ. ಈಗ ಆ ಹೆಸರೂ ನಾನೇ ಬಿಟ್ಟುಕೊಡಬೇಕಾ?”

ಹೊರಗೆ ಜಗುಲಿಯಲ್ಲಿದ್ದ ಮುನಿಯಪ್ಪ ಎಲ್ಲ ಕೇಳಿಸಿಕೊಂಡು ಒಳಬಂದು ಹೆಂಡತಿಯ ಮೇಲೆ ರೇಗಿದ. ಸತ್ತವಳನ್ನು ಹೋಗಗೊಡುವುದಿಲ್ಲ, ಇದ್ದವಳನ್ನು ಇರಗೊಡುವುದಿಲ್ಲ ಎಂದ. ಇದೆಲ್ಲ ನಿಮ್ಮಿಂದಲೇ ಆದದ್ದು, ಅಳುವುದಕ್ಕೂ ಬಿಡಲಿಲ್ಲ ನೀವು ಎಂದು ಅವಳು ತಿರುಗಿ ಹೇಳಿದಳು. ಅವನು ಬಂದ ದಾರಿಯಲ್ಲೇ ಹೊರಗೆ ಹೋದ. ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ.

ಬುಧವಾರ ಪದ್ಮಶ್ರೀ ಸ್ಕೂಟಿಯಲ್ಲಿ ಬಂದಳು. ಲತಾಮಣಿಯ ವಯಸ್ಸಿನವಳೇ, ಹೆಗಲಲ್ಲಿ ಚೀಲ, ಕೈಯಲ್ಲಿ ಟ್ಯಾಬ್. ಮನೋಹರ ಅಂದು ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದ. ತಾನು ಏನು ಮಾಡುತ್ತೇನೆಂದು ಲತಾಮಣಿಗೇ ತಿಳಿದಿರಲಿಲ್ಲ. ತಲೆ ಬಾಚಿಕೊಂಡು ಚಾಪೆಯ ಮೇಲೆ ಬಂದು ಕೂತಳು. ಬೋರಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ನೀವೇ ಅಲ್ವಾ ಸೌಮ್ಯ?” ಪದ್ಮಶ್ರೀ ಹಳೆಯ ಗೆಳತಿಯನ್ನು ಕಂಡಂತೆ ನಕ್ಕಳು. “ನಿಮ್ಮ ಉತ್ತರ ಕೇಳಿಸಿಕೊಂಡು ಬರೆದುಕೊಳ್ಳೋಳು ನಾನೇ. ನಮ್ಮ ಆಫೀಸಿನಲ್ಲಿ ನಿಮ್ಮಷ್ಟು ಚೆನ್ನಾಗಿ ಹೇಳೋರು ಯಾರೂ ಇಲ್ಲ ಅಂತ ಮಾತು. ನಿಮ್ಮತ್ತೆ ವಿಷಯ ಕೇಳಿ ನನಗೆ ನಮ್ಮಜ್ಜಿ ನೆನಪಾಗ್ತಾರೆ.”

ಬಾಗಿಲಲ್ಲಿ ಬೋರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಲತಾಮಣಿ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅದರಲ್ಲಿ ತಿಳಿಯುವಂತಿರಲಿಲ್ಲ. ಪದ್ಮಶ್ರೀ ಹೌದೆಂದೇ ತಿಳಿದು ಟ್ಯಾಬಿನ ಮೇಲೆ ಬೆರಳಾಡಿಸಿದಳು. ಮದುವೆಯಾಗಿ ಎಷ್ಟು ವರ್ಷ ಎಂಬುದಕ್ಕೆ ಬೋರಮ್ಮನೇ ಬಾಗಿಲಿನಿಂದ ಉತ್ತರ ಕೊಟ್ಟಳು. ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂಬುದಕ್ಕೂ ಅವಳೇ ಕೊಟ್ಟಳು. ಗಂಡ, ಮಗ, ಸೊಸೆ, ತಾನು. ಮೂಲೆಯಲ್ಲಿ ಕೂತಿದ್ದ ಮನೋಹರ ನೆಲ ನೋಡುತ್ತಿದ್ದ.

“ಹೋದ ಸಲ ನಮ್ಮವರು ಬಂದುಹೋದ ಮೇಲೆ ಈ ಮನೆಗೆ ಹೊಸಬರು ಯಾರಾದರೂ ಸೇರಿದ್ದಾರಾ? ಮಗು ಹುಟ್ಟಿದ್ದು, ಮದುವೆಯಾಗಿ ಬಂದದ್ದು?”

ಬೋರಮ್ಮ ಇಲ್ಲ ಎನ್ನಲು ಬಾಯಿ ತೆರೆದಳು. ಲತಾಮಣಿ ಅತ್ತೆಯ ಕಡೆ ನೋಡಿದಳು. ಆ ಒಂದು ‘ಇಲ್ಲ’ ಟ್ಯಾಬಿನೊಳಗೆ ಹೋಗಿಬಿಟ್ಟರೆ ತಾನು ಬಂದದ್ದೂ ಸುಳ್ಳಾಗುತ್ತದೆ ಎನ್ನಿಸಿತು.

“ಬಂದಿದ್ದಾರೆ,” ಎಂದಳು. “ನಾನು. ನನ್ನ ಹೆಸರು ಲತಾಮಣಿ.”

ಪದ್ಮಶ್ರೀಯ ಬೆರಳು ಗಾಜಿನ ಮೇಲೆ ನಿಂತಿತು. ಅವಳು ಒಬ್ಬೊಬ್ಬರನ್ನೇ ನೋಡಿದಳು. ಟ್ಯಾಬಿನಲ್ಲಿ ಮುಂದಿನ ಪ್ರಶ್ನೆ ಬಂದಿರಬೇಕು. ಅವಳು ಅದನ್ನು ಮನಸ್ಸಿನಲ್ಲೇ ಓದಿಕೊಂಡಳು. ಓದುವುದೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದಳು. “ಈ ಮನೆಯಲ್ಲಿ ಯಾರಾದರೂ... ತೀರಿಕೊಂಡಿದ್ದಾರಾ?”

ಬೋರಮ್ಮ ಬಾಗಿಲು ಬಿಟ್ಟು ಮುಂದೆ ಬಂದಳು. “ಸೌಮ್ಯ,” ಎಂದಳು. “ನಮ್ಮ ಸೌಮ್ಯ ಕಣವ್ವ. ಹೋದೊರ್ಸ ಶ್ರಾವಣದಲ್ಲಿ.”

“ಹೋದ ವಾರ ಕೇಳಿದೆನಲ್ಲಾ ಅವರ ದನಿ,” ಎಂದಳು ಪದ್ಮಶ್ರೀ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳೇ ಬೆಚ್ಚಿ ಟ್ಯಾಬನ್ನು ಚಾಪೆಯ ಮೇಲೆ ಇಟ್ಟುಬಿಟ್ಟಳು.

“ಅದು ನಾನೇ,” ಎಂದಳು ಬೋರಮ್ಮ.

ಮನೋಹರ ಮೊಣಕಾಲ ಮೇಲೆ ತಲೆಯಿಟ್ಟು ಬಿಕ್ಕಿದ. ಮದುವೆಯಾದ ಮೇಲೆ ಅವನು ಅತ್ತದ್ದನ್ನು ಲತಾಮಣಿ ನೋಡಿದ್ದು ಅಂದೇ ಮೊದಲು. ಬೋರಮ್ಮ ಅಳಲಿಲ್ಲ. ಹುಡುಗಿಯ ಎದುರು ಕೂತು, ಈ ವಿಷಯ ಮೇಲಿನವರಿಗೆ ಹೇಳಬೇಕಾಗುತ್ತದಾ ಎಂದು ವಿಚಾರಿಸಿದಳು. ಹೇಳಲೇಬೇಕು, ಸೌಮ್ಯ ಅವರು ತೀರಿಕೊಂಡ ಮೇಲಿನ ಉತ್ತರಗಳನ್ನು ತೆಗೆದುಹಾಕುತ್ತಾರೆ, ಕರೆಯೂ ನಿಲ್ಲುತ್ತದೆ ಎಂದಳು ಪದ್ಮಶ್ರೀ. ಅವಳ ಕಣ್ಣಲ್ಲೂ ನೀರಿತ್ತು.

“ಅವಳೇ ಇದ್ದಾಗ ಕೊಟ್ಟಿದ್ದು?” ಎಂದಳು ಬೋರಮ್ಮ.

“ಅದು ಇರುತ್ತೆ ಅಮ್ಮ.”

“ಅವಳ ದನಿ ಐತಾ ಅದ್ರಾಗೆ?”

“ಇಲ್ಲಮ್ಮ. ಆಗ ಬರೀ ಗುಂಡಿ ಒತ್ತೋದಿತ್ತು.”

ಬೋರಮ್ಮ ತಲೆದೂಗಿದಳು. ಆಮೇಲೆ ಎದ್ದು, ಬಂದವಳಿಗೆ ಮಜ್ಜಿಗೆ ತಂದುಕೊಟ್ಟಳು. ಹೊರಡುವಾಗ ಪದ್ಮಶ್ರೀ, ಬೇಕಾದರೆ ನಿಮ್ಮ ಹೆಸರನ್ನು ಹೊಸದಾಗಿ ಸೇರಿಸಿಕೊಳ್ಳಬಹುದು, ಕರೆ ನಿಮಗೆ ಬರುತ್ತದೆ ಎಂದು ಲತಾಮಣಿಗೆ ಹೇಳಿದಳು. ಲತಾಮಣಿ ಬೇಡವೆಂದಳು.

ಮುಂದಿನ ಮಂಗಳವಾರ ಫೋನು ಹೊಡೆದುಕೊಳ್ಳಲಿಲ್ಲ. ಬೋರಮ್ಮ ಸಂಜೆ ಹುಳದ ಮನೆಯಿಂದ ಬಂದು ಗೋಡೆಗೆ ಮುಖ ಮಾಡಿ ಕೂತವಳು ಕತ್ತಲಾದರೂ ಏಳಲಿಲ್ಲ. ಫೋನು ಮಾತಾಡುತ್ತಿದ್ದಾಗ ಎದ್ದುಹೋಗುತ್ತಿದ್ದ ಗಂಡಸರು ಈಗ ಆ ಮೌನದಲ್ಲಿ ಎಲ್ಲಿಗೂ ಹೋಗಲಾರದೆ ಕೂತರು. ಎರಡು ಮೂರು ವಾರ ಹೀಗೇ ಹೋಯಿತು. ಬೋರಮ್ಮನ ಊಟ ಕಡಿಮೆಯಾಯಿತು. ಹಣ್ಣಾದ ಹುಳಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವಾಗಲೂ ಅವಳ ಕೈ ಎಲ್ಲೋ, ಕಣ್ಣು ಎಲ್ಲೋ.

ಪಿತೃಪಕ್ಷ ಹತ್ತಿರ ಬಂತು. ಒಂದು ದಿನ ಉಣ್ಣುವಾಗ ಲತಾಮಣಿಯೇ ಮಾತು ತೆಗೆದಳು.

“ಈ ಸಲ ಸೌಮ್ಯಕ್ಕನಿಗೂ ಎಡೆ ಇಡಬೇಕಲ್ವಾ ಮಾವ? ವರ್ಷ ತುಂಬಿತಲ್ಲ.”

ಮುನಿಯಪ್ಪನ ಕೈ ಬಾಯಿಯ ಹತ್ತಿರ ನಿಂತಿತು. ಹೊಸ ಹೆಣ್ಣಿರುವ ಮನೆಯಲ್ಲಿ ಅದೆಲ್ಲ ಬೇಡ, ಅವಳ ತವರಿನವರು ಇಟ್ಟುಕೊಳ್ಳುತ್ತಾರೆ ಎಂದ.

“ಹೊಸ ಹೆಣ್ಣು ನಾನೇ ಕೇಳ್ತಿದ್ದೀನಿ,” ಎಂದಳು ಲತಾಮಣಿ. “ಏನು ಮಾಡಲಿ ಹೇಳಿ. ಅವರಿಗೆ ಏನು ಇಷ್ಟ ಇತ್ತು?”

ಮುನಿಯಪ್ಪ ಬೋರಮ್ಮನನ್ನು ನೋಡಿದ. ಬೋರಮ್ಮ ಮಗನನ್ನು ನೋಡಿದಳು. ಮನೋಹರ ಬಹಳ ಹೊತ್ತು ಯೋಚಿಸಿ, ಏನು ಹಾಕಿದರೂ ಉಣ್ಣುತ್ತಿದ್ದಳು ಎಂದ. ಆ ಮಾತಿಗೆ ಅವನಿಗೇ ನಾಚಿಕೆಯಾಗಿ ತಟ್ಟೆಯ ಕಡೆ ಬಗ್ಗಿದ. ಅವಳ ಬಾಯಾಗಿ ಅಷ್ಟು ತಿಂಗಳು ಮಾತಾಡಿದ ಬೋರಮ್ಮನಿಗೂ ತಿಳಿದಿರಲಿಲ್ಲ. ಸೌಮ್ಯ ಯಾವತ್ತೂ ಎಲ್ಲರೂ ಎದ್ದ ಮೇಲೆ ಕೂರುತ್ತಿದ್ದಳು.

ಮಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿ ಮಾಗಡಿಗೆ ಹೋದರು. ಮಾಗಡಿಯಿಂದ ಆಟೋದಲ್ಲಿ ಸೌಮ್ಯಳ ಊರು. ಊರ ಬಾಗಿಲಲ್ಲಿ ಇಳಿದ ಮೇಲೆ ಬೋರಮ್ಮ ಲತಾಮಣಿಯ ತೋಳು ಹಿಡಿದುಕೊಂಡಳು.

“ಒಳಕ್ಕೆ ಸೇರಿಸ್ತಾರೋ ಇಲ್ವೋ ಲತಾ,” ಎಂದಳು. ಹಾಗೆ ಹೆಸರು ಹಿಡಿದು ಕರೆದದ್ದು ಅವಳ ಗಮನಕ್ಕೆ ಬಂದಂತಿರಲಿಲ್ಲ. ಲತಾಮಣಿ ತೋಳನ್ನು ಬಿಡಿಸಿಕೊಳ್ಳದೆ ನಡೆದಳು.

ಸೌಮ್ಯಳ ತಾಯಿ ಎಂದೋ ಹೋಗಿದ್ದಳು. ತಂದೆ ಅಂಕಯ್ಯ ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದ. ಬಂದವರನ್ನು ಕಂಡು ಮೊರ ಕೆಳಗಿಟ್ಟ. ಬೋರಮ್ಮನನ್ನು ನೋಡಿದ, ಆಮೇಲೆ ಲತಾಮಣಿಯನ್ನು. ಕೂತ್ಕಳಿ ಎಂದು ಹೇಳುವುದಕ್ಕೆ ಅವನಿಗೆ ಬಹಳ ಹೊತ್ತು ಬೇಕಾಯಿತು. ಬೀಗರ ಮನೆಯವರು ವರ್ಷದ ತಿಥಿಗೂ ಬರಲಿಲ್ಲವೆಂದು ಅವನು ಎಷ್ಟು ನೊಂದಿದ್ದನೋ ಅಷ್ಟನ್ನೂ ಬೋರಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವನ ಮಾತು ಮುಗಿದ ಮೇಲೆ ಬಂದ ಕೆಲಸವನ್ನು ಲತಾಮಣಿ ಹೇಳಿದಳು.

ಅಂಕಯ್ಯ ಹುರುಳಿಕಾಳುಗಳನ್ನು ಅಂಗೈಯಲ್ಲಿ ಆಡಿಸುತ್ತ ಕೂತ.

“ಅವಳಿಗೆ ಹಬ್ಬದಡಿಗೆ ಗಿಬ್ಬದಡಿಗೆ ಏನೂ ಬೇಕಿರ್ನಿಲ್ಲ ಕಣವ್ವ. ಮುದ್ದೆ ಪಾತ್ರೆ ತಳದ ಸೀಕು ಇರ್ತದಲ್ಲ, ಅದು. ಅವರಣ್ಣನ ಕೂಡೆ ಕಿತ್ತಾಡಿ ಕೆರಕೊಂಡು ತಿಂತಿದ್ಲು. ಲಗ್ನ ಆದ್ಮೇಲೆ ಬಂದಾಗ್ಲೂ ಅಷ್ಟೇ, ಮೊದ್ಲು ಹೋಗಿ ಪಾತ್ರೆ ಬಗ್ಗಿ ನೋಡೋಳು.” ಅವನು ಲತಾಮಣಿಯ ಮುಖವನ್ನು ಮೊದಲ ಸಲ ನೇರ ನೋಡಿದ. “ನಿನ್ನ ಹೆಸರೇನವ್ವ?”

ಅವಳು ಹೇಳಿದಳು. ಉಂಡುಕೊಂಡೇ ಹೋಗಬೇಕೆಂದು ಅವನು ಬಿಡಲಿಲ್ಲ.

ಅಮಾವಾಸ್ಯೆಯ ದಿನ ಅಟ್ಟದಿಂದ ಫೋಟೋ ಇಳಿಸಿ ಒರೆಸಿಕೊಟ್ಟವನು ಮನೋಹರ. ನಡುಮನೆಯಲ್ಲಿ ಹಿರಿಯರ ಫೋಟೋಗಳ ಸಾಲಿನ ಕೊನೆಗೆ ಅವಳನ್ನೂ ಇಟ್ಟರು. ಲತಾಮಣಿ ಆ ಮುಖವನ್ನು ನೋಡಿದ್ದು ಅದೇ ಮೊದಲು. ಉದ್ದ ಕತ್ತು, ಒಂದು ಹುಬ್ಬು ಸ್ವಲ್ಪ ಮೇಲೆ, ಯಾರೋ ಕರೆದದ್ದಕ್ಕೆ ಹ್ಞಾಂ ಎಂದು ತಿರುಗಿದಂಥ ನೋಟ. ಹಿರಿಯರಿಗೆ ಒಬ್ಬಟ್ಟು, ವಡೆ, ಪಾಯಸ ಎಲ್ಲ ಆಯಿತು. ಸೌಮ್ಯಳಿಗೆಂದು ಲತಾಮಣಿ ಬೇರೆ ಪಾತ್ರೆಯಲ್ಲಿ ಮುದ್ದೆಯ ಹಿಟ್ಟು ಬೇಯಲಿಟ್ಟು, ತಳ ಹಿಡಿಯುವವರೆಗೂ ಉರಿಯ ಮುಂದೆ ಕೂತಳು. ಸೀದ ವಾಸನೆ ಮನೆಯಿಡೀ ಹರಡಿತು. ಯಾಕೆ ಸೀಯಿಸಿದೆ ಎಂದು ಯಾರೂ ಕೇಳಲಿಲ್ಲ. ಬೋರಮ್ಮ ಪಾತ್ರೆ ಹಿಡಿದುಕೊಂಡಳು, ಲತಾಮಣಿ ಸೌಟಿನಲ್ಲಿ ಕೆರೆದು ಎಲೆಯ ಮೇಲಿಟ್ಟಳು. ಬೋರಮ್ಮ ಅದರ ಮೇಲೆ ತುಪ್ಪ ಬಿಟ್ಟಳು.

ಗಂಧದಕಡ್ಡಿ ಹಚ್ಚಿ ಎಲ್ಲರೂ ಕೈಮುಗಿದರು. ಆಮೇಲೆ ಪದ್ಧತಿಯಂತೆ, ಹಿರಿಯರು ಬಂದು ಉಂಡು ಹೋಗಲೆಂದು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಜಗುಲಿಯ ಮೇಲೆ ನಾಲ್ವರೂ ಸಾಲಾಗಿ ನಿಂತರು. ಬೀದಿಯಲ್ಲಿ ಎಲ್ಲ ಮನೆಗಳ ಬಾಗಿಲೂ ಮುಚ್ಚಿದ್ದವು, ಎಲ್ಲರ ಜಗುಲಿಯಲ್ಲೂ ಜನ ಸದ್ದಿಲ್ಲದೆ ನಿಂತಿದ್ದರು. ಒಳಗೆ ಒಂದು ಪಾತ್ರೆ ಸಣ್ಣಗೆ ಕಣಕ್ಕೆಂದಿತು. ಬೆಕ್ಕಿರಬಹುದು ಎಂದು ಯಾರೂ ಅನ್ನಲಿಲ್ಲ. ಲತಾಮಣಿ ಮೈಮೇಲೆ ಎದ್ದ ನವಿರನ್ನು ಅಂಗೈಯಿಂದ ಸವರಿಕೊಂಡಳು. ಅವಳಿಗೆ ಭಯವಾಯಿತು, ಆದರೆ ಓಡಿಹೋಗಬೇಕು ಅನ್ನಿಸಲಿಲ್ಲ.

ಪಕ್ಕದ ಮನೆಯವರು ಕೆಮ್ಮಿ ಬಾಗಿಲು ತೆರೆದು ಒಳಗೆ ಹೋದರು. ಆಚೆ ಮನೆಯವರೂ ಹೋದರು. ಹೊತ್ತಾಯಿತೆಂದು ಮನೋಹರ ಚಿಲಕಕ್ಕೆ ಕೈ ಹಾಕಿದ. ಮುನಿಯಪ್ಪ ಮಗನ ಮುಂಗೈ ಹಿಡಿದು ತಡೆದ. ಅವನ ಕಣ್ಣು ಮುಚ್ಚಿದ ಬಾಗಿಲ ಮೇಲೇ ಇತ್ತು.

“ಇನ್ನೊಸಿ ತಡಿ ಮಗ,” ಎಂದ. “ಸೌಮ್ಯ ಉಣ್ಣೋದು ನಿಧಾನ.”